ಮದ್ದು ಹಾಕಿ ತಂದ ದೇಹ ಅಗ್ನಿಗೆ ಸಲ್ಲುತ್ತದೆಯೇ?

ಪ್ರಶ್ನೆ: ನನಗೀಗ 72 ವರ್ಷ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದ ನನ್ನ ಹೆಂಡತಿ ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡಳು. ಮಂಡಿ ಆಪರೇಷನ್ ಆಗಿದ್ದರಿಂದ ನಾನು ಹೋಗಿರಲಿಲ್ಲ. ಮಗನೂ ಬೆಂಗಳೂರಿನಲ್ಲೇ ಇದ್ದ. ದೇಹ ಇಲ್ಲಿಗೆ ಬಂದದ್ದು ಒಂಬತ್ತನೆಯ ದಿನ. ವಿಮಾನದಲ್ಲಿ ತರಬೇಕಾದರೆ ಎಂಬಾಮಿಂಗ್ ಮಾಡಲೇಬೇಕು ಎಂದರಂತೆ. ಆ ಕಾಗದಕ್ಕೆ ಸಹಿ ಹಾಕಿದವಳು ನನ್ನ ಮಗಳು. ಹಸುಗೂಸು ಇದ್ದುದರಿಂದ ಅವಳು ಬರಲಾಗಲಿಲ್ಲ, ಅಳಿಯಂದಿರು ಜೊತೆಯಲ್ಲಿ ಬಂದರು. ಇಲ್ಲಿ ಬಾಯಿಗೆ ಅಕ್ಕಿ ಹಾಕಲು ಹೋದರೆ ತುಟಿ ಬಿಡಿಸಲು ಆಗಲಿಲ್ಲ, ಒಳಗೆ ಹೊಲಿಗೆ ಹಾಕಿದ್ದರು. ತುಳಸಿ ನೀರೂ ಒಳಗೆ ಇಳಿಯಲಿಲ್ಲ. ಮುತ್ತೈದೆಯಾಗಿ ಹೋದವಳಿಗೆ ಅರಿಶಿನದ ನೀರಿನ ಸ್ನಾನವೂ ಆಗಲಿಲ್ಲ. ಹದಿಮೂರು ದಿನದ ಕರ್ಮವೆಲ್ಲ ಮುಗಿದ ಮೇಲೆ ನೆಂಟರೊಬ್ಬರು, ‘ರಕ್ತ ತೆಗೆದು ಮದ್ದು ತುಂಬಿದ ದೇಹ ಅಗ್ನಿಗೆ ಹವಿಸ್ಸಾಗುವುದಿಲ್ಲ, ಆಕೆಗೆ ಗತಿ ಸಿಕ್ಕಿಲ್ಲ, ನಾರಾಯಣ ಬಲಿ ಮಾಡಿಸಿ’ ಎಂದರು. ಈ ಮಾತು ಹೇಗೋ ಮಗಳ ಕಿವಿಗೂ ಬಿದ್ದಿದೆ. ‘ನಾನೇ ಸಹಿ ಹಾಕಿ ಅಮ್ಮನಿಗೆ ಹೀಗೆ ಮಾಡಿಬಿಟ್ಟೆ’ ಎಂದು ಫೋನಿನಲ್ಲಿ ಅಳುತ್ತಾಳೆ. ಅವಳಿಗೆ ನಾನೇನು ಹೇಳಲಿ? (ಹೆಸರು ಪ್ರಕಟಿಸಬೇಡಿ.)

ಉತ್ತರ: ಹಿರಿಯರೇ, ನಿಮ್ಮ ಕಾಗದವನ್ನು ಎರಡು ಮೂರು ಸಲ ಓದಿದೆ. ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು ಈ ಸಲದ ಪುಟವನ್ನೆಲ್ಲ ಇದೇ ವಿಷಯಕ್ಕೆ ಮೀಸಲಿಡುತ್ತಿದ್ದೇನೆ. ಏಕೆಂದರೆ ಇವತ್ತು ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಹೊರದೇಶದಲ್ಲಿದ್ದಾರೆ, ಅಪ್ಪ ಅಮ್ಮ ಹೋಗಿ ಬರುತ್ತಿರುತ್ತಾರೆ. ನಿಮಗೆ ಬಂದ ಕಷ್ಟ ನಾಳೆ ಇನ್ನೊಬ್ಬರಿಗೆ ಬರಬಹುದು.

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಸಲ್ಲುತ್ತದೆ. ಆ ತಾಯಿಗೆ ಸಂಸ್ಕಾರ ಸಿಕ್ಕಿದೆ. ಮಗ ಮಾಡಿದ ದಹನ, ಹತ್ತು ದಿನದ ಕ್ರಿಯೆ, ಸಪಿಂಡೀಕರಣ ಯಾವುದೂ ವ್ಯರ್ಥವಾಗಿಲ್ಲ. ನಿಮ್ಮ ಮಗಳು ಮಾಡಿದ್ದು ತಪ್ಪಲ್ಲ. ಶಾಸ್ತ್ರಕ್ಕೆ ಗೊತ್ತಿರುವ ಕೆಲಸವನ್ನೇ ಆಕೆ ಮಾಡಿದ್ದಾಳೆ.

ಈಗ ಕಾರಣ. ದೇಹ ಕೆಡದಂತೆ ಇಟ್ಟುಕೊಳ್ಳುವುದು ನಮ್ಮಲ್ಲಿ ಇಲ್ಲದ ಪದ್ಧತಿ, ಮ್ಲೇಚ್ಛರದ್ದು ಅಂತ ಅನೇಕರು ತಿಳಿದಿದ್ದಾರೆ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡ ಓದಿದವರು ಹಾಗೆ ಹೇಳುವುದಿಲ್ಲ. ದಶರಥ ಮಹಾರಾಜರು ಪ್ರಾಣ ಬಿಟ್ಟಾಗ ನಾಲ್ಕು ಮಕ್ಕಳಲ್ಲಿ ಒಬ್ಬರೂ ಊರಿನಲ್ಲಿರಲಿಲ್ಲ. ರಾಮ ಲಕ್ಷ್ಮಣರು ಕಾಡಿಗೆ ಹೋಗಿದ್ದರು. ಭರತ ಶತ್ರುಘ್ನರು ಕೇಕಯ ದೇಶದಲ್ಲಿ, ಸೋದರಮಾವನ ಮನೆಯಲ್ಲಿದ್ದರು. ಮಗನಿಲ್ಲದೆ ಸಂಸ್ಕಾರ ಮಾಡುವುದು ಸರಿಯಲ್ಲ ಎಂದು ಮಂತ್ರಿಗಳು ರಾಜನ ದೇಹವನ್ನು ತೈಲದ್ರೋಣಿಯಲ್ಲಿ, ಅಂದರೆ ಎಣ್ಣೆ ತುಂಬಿದ ದೊಡ್ಡ ದೋಣಿಯಂಥ ಪಾತ್ರೆಯಲ್ಲಿ ಇಟ್ಟರು. ವಸಿಷ್ಠರು ದೂತರನ್ನು ಕಳಿಸಿದರು. ದೂತರು ಹೋಗಿ ಮುಟ್ಟಬೇಕು, ಭರತ ಹೊರಟು ಬರಬೇಕು. ಭರತನೊಬ್ಬನೇ ದಾರಿಯಲ್ಲಿ ಏಳು ರಾತ್ರಿ ಕಳೆದ. ಅಷ್ಟು ದಿನವೂ ಆ ದೇಹ ಎಣ್ಣೆಯಲ್ಲಿತ್ತು.

ಎಣ್ಣೆಯಿಂದ ಎತ್ತಿದಾಗ ರಾಜನ ಮುಖಕ್ಕೆ ಸ್ವಲ್ಪ ಹಳದಿ ಬಣ್ಣ ಬಂದಿತ್ತು, ನಿದ್ದೆ ಮಾಡುತ್ತಿರುವವನ ಹಾಗೆ ಕಾಣುತ್ತಿದ್ದ ಎಂದು ಆದಿಕವಿಗಳು ಬರೆದಿದ್ದಾರೆ. ಪೆಟ್ಟಿಗೆ ತೆಗೆದಾಗ ನೀವೂ ಹಾಗೇ ನೋಡಿರುತ್ತೀರಿ. ಮುಖದ ಬಣ್ಣ ಬೇರೆ, ಆದರೆ ಮಲಗಿದ ಹಾಗೇ ಇರುತ್ತಾರೆ. ಭರತ ಆ ಮುಖ ನೋಡಿ ಅತ್ತ. ವಸಿಷ್ಠರು ‘ಸಾಕು, ಇನ್ನು ಮಾಡಬೇಕಾದ ಕಾರ್ಯ ಮಾಡು’ ಎಂದರು. ಸಂಸ್ಕಾರ ನಡೆಯಿತು, ಹತ್ತು ದಿನ ಕಳೆಯಿತು, ಹನ್ನೆರಡನೆಯ ದಿನ ಶ್ರಾದ್ಧವಾಯಿತು. ಎಣ್ಣೆಯಲ್ಲಿಟ್ಟ ದೇಹ ಅಗ್ನಿಗೆ ಸಲ್ಲುವುದಿಲ್ಲ ಎಂದು ವಸಿಷ್ಠರು ಹೇಳಲಿಲ್ಲ. ಅವರಿಗಿಂತ ದೊಡ್ಡ ಪುರೋಹಿತರು ಯಾರಿದ್ದಾರೆ?

ಆದ್ದರಿಂದ ಮಗಳಿಗೆ ಹೀಗೆ ಹೇಳಿ: ‘ಅಯೋಧ್ಯೆಯ ಮಂತ್ರಿಗಳು ಮಾಡಿದ್ದನ್ನೇ ನೀನು ಮಾಡಿದೆಯಮ್ಮ. ಅವರು ಎಣ್ಣೆಯಲ್ಲಿ ಇಟ್ಟರು, ಇವತ್ತಿನವರು ಫಾರ್ಮಲಿನ್‌ನಲ್ಲಿ ಇಡುತ್ತಾರೆ. ಮಗನ ಕೈಗೆ ತಾಯಿಯನ್ನು ಮುಟ್ಟಿಸಿದ್ದು ನಿನ್ನ ಆ ಸಹಿ.’

ಈ ಎಂಬಾಮಿಂಗ್ ಅಂದರೆ ಏನು ಎನ್ನುವುದನ್ನೂ ತಿಳಿದುಕೊಂಡರೆ ಭಯ ಕಡಿಮೆಯಾಗುತ್ತದೆ. ಕತ್ತಿನಲ್ಲೋ ತೊಡೆಯ ಬುಡದಲ್ಲೋ ಸಣ್ಣದಾಗಿ ಕೊಯ್ದು ಒಂದು ಅಪಧಮನಿಯ ಮೂಲಕ ಮದ್ದಿನ ನೀರನ್ನು ಒಳಗೆ ಬಿಡುತ್ತಾರೆ, ಪಕ್ಕದ ಅಭಿಧಮನಿಯಿಂದ ರಕ್ತ ಹೊರಗೆ ಹೋಗುತ್ತದೆ. ಹೊಟ್ಟೆ, ಎದೆಯ ಭಾಗಕ್ಕೂ ಮದ್ದು ಹಾಕುತ್ತಾರೆ. ಬಾಯಿ ತೆರೆದುಕೊಳ್ಳದಂತೆ ಒಳಗಿನಿಂದ ಹೊಲಿಗೆಯನ್ನೋ ತಂತಿಯನ್ನೋ ಹಾಕುತ್ತಾರೆ. ಎಷ್ಟೋ ಕಡೆ ಮುಖಕ್ಕೆ ಬಣ್ಣವನ್ನೂ ಹಚ್ಚುತ್ತಾರೆ. ಇದರಲ್ಲಿ ದ್ವೇಷವಿಲ್ಲ, ಅಪಚಾರದ ಉದ್ದೇಶವಿಲ್ಲ. ಅಮೆರಿಕದಲ್ಲಿ ಈ ಪದ್ಧತಿ ಬೆಳೆದದ್ದು 1861ರಿಂದ 1865ರವರೆಗೆ ನಡೆದ ಅವರ ಅಂತರ್ಯುದ್ಧದ ಕಾಲದಲ್ಲಿ. ದೂರದ ರಣರಂಗದಲ್ಲಿ ಸತ್ತ ಸೈನಿಕರನ್ನು ಊರಿಗೆ ಕಳಿಸಿಕೊಡಬೇಕಿತ್ತು. 1865ರಲ್ಲಿ ಅಧ್ಯಕ್ಷ ಲಿಂಕನ್ ಅವರ ದೇಹವನ್ನು ಹೀಗೆಯೇ ಮದ್ದು ಹಾಕಿ ವಾಷಿಂಗ್ಟನ್‌ನಿಂದ ಅವರ ಊರಾದ ಸ್ಪ್ರಿಂಗ್‌ಫೀಲ್ಡ್‌ವರೆಗೆ ರೈಲಿನಲ್ಲಿ ಒಯ್ದರು. ಅಂದರೆ ಅವರಲ್ಲೂ ಇದು ಬೇರೂರಿದ್ದು ಸತ್ತವರನ್ನು ಮನೆ ಮುಟ್ಟಿಸಬೇಕು ಎನ್ನುವ ಕಾರಣದಿಂದ.

ಪ್ರಾಚೀನ ಈಜಿಪ್ಟಿನವರ ವಿಷಯ ಬೇರೆ. ಅವರು 70 ದಿನ ಹಿಡಿದು, ಒಂದು ಬಗೆಯ ಉಪ್ಪಿನಲ್ಲಿ ದೇಹ ಒಣಗಿಸಿ, ಬಟ್ಟೆ ಸುತ್ತಿ ಇಡುತ್ತಿದ್ದರು. ಸತ್ತವನಿಗೆ ಮುಂದೆಯೂ ಅದೇ ದೇಹ ಬೇಕು ಎನ್ನುವುದು ಅವರ ನಂಬಿಕೆ. ನಮ್ಮ ನಂಬಿಕೆ ಅದಲ್ಲ. ನಮ್ಮಲ್ಲಿ ದೇಹವನ್ನು ಇಟ್ಟುಕೊಳ್ಳುವುದು ಕೊಡುವುದಕ್ಕೋಸ್ಕರ. ಕರ್ತೃ ಬರುವ ತನಕ ಕಾಯುತ್ತೇವೆ, ಬಂದ ಕೂಡಲೇ ಅಗ್ನಿಗೆ ಒಪ್ಪಿಸುತ್ತೇವೆ. ಎಣ್ಣೆಯೋ, ಮದ್ದೋ, ಐಸ್ ಪೆಟ್ಟಿಗೆಯೋ, ಉದ್ದೇಶ ಇಷ್ಟೇ ಆಗಿದ್ದರೆ ದೋಷವಿಲ್ಲ.

ಭಾಗವತದಲ್ಲಿ ನಿಮಿ ಮಹಾರಾಜನ ಕಥೆ ಬರುತ್ತದೆ. ಸತ್ರಯಾಗ ನಡೆಯುತ್ತಿರುವಾಗ ಶಾಪದಿಂದ ಅವನ ದೇಹ ಬಿತ್ತು. ಋತ್ವಿಜರು ದೇಹವನ್ನು ಸುಗಂಧ ದ್ರವ್ಯಗಳಲ್ಲಿಟ್ಟು ಕಾಪಾಡಿ ಯಾಗ ಮುಗಿಸಿದರು. ಆಮೇಲೆ ದೇವತೆಗಳನ್ನು, ‘ಇವನನ್ನು ಬದುಕಿಸಿ’ ಎಂದು ಕೇಳಿದರು. ಅವರು ಒಪ್ಪಿದರು. ಆದರೆ ನಿಮಿಯೇ ಬೇಡ ಎಂದ. ಮತ್ತೆ ಈ ದೇಹದ ಕಟ್ಟು ನನಗೆ ಬೇಡ ಎಂದ. ಪ್ರಾಣಿಗಳ ಕಣ್ಣರೆಪ್ಪೆಗಳಲ್ಲಿ ಅವನು ಇದ್ದಾನೆ, ನಾವು ರೆಪ್ಪೆ ಬಡಿಯುವುದರಲ್ಲಿ ಅವನಿದ್ದಾನೆ ಎಂದು ಪುರಾಣ ಹೇಳುತ್ತದೆ. ಆ ದೇಹ ಎಷ್ಟು ಚೆನ್ನಾಗಿ ಉಳಿದಿದ್ದರೂ ಅದರ ಯಜಮಾನನಿಗೆ ಅದು ಬೇಕಾಗಿರಲಿಲ್ಲ. ನಿಮ್ಮ ಮನೆಯವರ ವಿಷಯದಲ್ಲೂ ಇದನ್ನು ನೆನಪಿಟ್ಟುಕೊಳ್ಳಿ. ಸೂಜಿ ಚುಚ್ಚಿದಾಗ, ಹೊಲಿಗೆ ಹಾಕಿದಾಗ ಆಕೆ ಅದರೊಳಗೆ ಇರಲಿಲ್ಲ. ನೋವು ಅವರಿಗಾಗಿಲ್ಲ, ನಮಗಾಗುತ್ತಿದೆ.

ಇನ್ನು ‘ರಕ್ತ ತೆಗೆದ ದೇಹ, ಮದ್ದು ತುಂಬಿದ ದೇಹ ಹವಿಸ್ಸಾಗುವುದಿಲ್ಲ’ ಎನ್ನುವ ಮಾತು. ಇದಕ್ಕೆ ಉತ್ತರ ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ಇದು ನನಗೆ ನಲವತ್ತು ತುಂಬುವುದಕ್ಕೆ ಮೊದಲಿನ ಮಾತು. ಬೆಂಗಳೂರಿನ ಒಂದು ಮನೆಗೆ ಗಲ್ಫ್ ದೇಶದಿಂದ ಒಬ್ಬ ಹುಡುಗನ ದೇಹ ಬಂತು. ನಾನು ಅಂಥದ್ದನ್ನು ನೋಡಿದ್ದು ಅದೇ ಮೊದಲು. ಪೆಟ್ಟಿಗೆಯ ಪಕ್ಕದಲ್ಲಿ ಮದ್ದಿನ ಘಾಟು. ಕಾಗದದಲ್ಲಿ ಏನೇನೋ ಬರೆದಿತ್ತು. ನನಗೆ ಒಳಗೊಳಗೇ ಹೆದರಿಕೆ. ಹೆದರಿಕೆಯನ್ನು ಮುಚ್ಚಿಕೊಳ್ಳಲು ಶಾಸ್ತ್ರದ ಹೆಸರು ಹೇಳಿದೆ. ‘ಇದು ಮದ್ದು ಹಾಕಿದ ದೇಹ, ಸ್ನಾನಕ್ಕೆ ಯೋಗ್ಯವಲ್ಲ, ಮುಚ್ಚಳ ತೆಗೆಯುವುದು ಬೇಡ, ಹೀಗೇ ಸ್ಮಶಾನಕ್ಕೆ ಹೋಗೋಣ’ ಎಂದುಬಿಟ್ಟೆ. ಆ ಹುಡುಗನ ತಾಯಿ, ‘ಒಂದು ಸಲ ಮುಖ ನೋಡ್ತೀನಿ ಸ್ವಾಮಿ’ ಅಂತ ಕೈಮುಗಿದರು. ನಾನು ತಲೆ ಅಲ್ಲಾಡಿಸಿದೆ. ಹಿರಿಯರು ಯಾರೂ ನನ್ನ ಮಾತು ಮೀರಲಿಲ್ಲ. ಆಕೆ ನೋಡಲಿಲ್ಲ.

ಕೆಲವು ತಿಂಗಳ ನಂತರ ನನಗೆ ಪಾಠ ಹೇಳಿದ ಗುರುಗಳನ್ನು ನೋಡಲು ಪಾಠಶಾಲೆಗೆ ಹೋಗಿದ್ದೆ. ಮಾತಿನ ಮಧ್ಯೆ ಈ ಸಂಗತಿ ಹೇಳಿದೆ, ದೊಡ್ಡ ಸಮಸ್ಯೆಯೊಂದನ್ನು ಬಗೆಹರಿಸಿದೆ ಎನ್ನುವ ಧಾಟಿಯಲ್ಲಿ. ಗುರುಗಳು ಸುಮ್ಮನೆ ಕೇಳಿ, ‘ಪೈತೃಮೇಧಿಕ ಮಂತ್ರ ಹೇಳಿದೆಯಾ?’ ಎಂದರು. ‘ಹೇಳಿದೆ’ ಎಂದೆ. ‘ಕಪ್ಪು ಹಕ್ಕಿಯ ಮಂತ್ರ ಬಂತಲ್ಲ, ಅದರ ಅರ್ಥ ಏನು?’ ಎಂದರು. ನಾನು ಅರ್ಥ ಹೇಳುತ್ತಾ ಹೇಳುತ್ತಾ ಅರ್ಧದಲ್ಲಿ ನಿಂತುಬಿಟ್ಟೆ. ‘ಅರ್ಥ ಗೊತ್ತಿದ್ದೂ ಆ ತಾಯಿಗೆ ಬೇಡ ಅಂದೆಯಾ?’ ಅಂದರು. ಮತ್ತೇನೂ ಹೇಳಲಿಲ್ಲ.

ಆ ಮಂತ್ರ ಋಗ್ವೇದದ ಹತ್ತನೆಯ ಮಂಡಲದ 16ನೆಯ ಸೂಕ್ತದಲ್ಲಿದೆ. ಇಡೀ ಸೂಕ್ತ ಶವಸಂಸ್ಕಾರದ ಅಗ್ನಿಯನ್ನು ಕುರಿತದ್ದು. ಈ ಮಂತ್ರದಲ್ಲಿ ಸತ್ತವನಿಗೆ ಹೇಳುವ ಮಾತು ಇದು: ನಿನ್ನ ದೇಹವನ್ನು ಕಪ್ಪು ಹಕ್ಕಿ ಕುಕ್ಕಿರಬಹುದು, ಇರುವೆ ಕಚ್ಚಿರಬಹುದು, ಹಾವು ಕಚ್ಚಿರಬಹುದು, ಕಾಡುಮೃಗ ಬಾಯಿ ಹಾಕಿರಬಹುದು, ಅದೆಲ್ಲವನ್ನೂ ಅಗ್ನಿ ವಾಸಿ ಮಾಡಲಿ. ನೋಡಿ, ಋಷಿಗಳಿಗೆ ಗೊತ್ತಿತ್ತು. ಎಲ್ಲರೂ ಮನೆಯಲ್ಲಿ, ಮಕ್ಕಳ ತೊಡೆಯ ಮೇಲೆ, ಗಾಯವಿಲ್ಲದೆ ಸಾಯುವುದಿಲ್ಲ. ದೇಹ ಅಗ್ನಿಯ ಹತ್ತಿರ ಬರುವಷ್ಟರಲ್ಲಿ ಅದಕ್ಕೆ ಏನೇನೋ ಆಗಿರುತ್ತದೆ. ಅಗ್ನಿ ಪರೀಕ್ಷೆ ಮಾಡಿ ಇದು ಬೇಡ ಅದು ಬೇಡ ಎನ್ನುವ ದೇವರಲ್ಲ. ಕೊರತೆಯನ್ನು ತುಂಬಿಕೊಡುವ ವೈದ್ಯ. ಹಕ್ಕಿ ಕುಕ್ಕಿದ್ದನ್ನು, ಮೃಗ ತಿಂದದ್ದನ್ನು ವಾಸಿ ಮಾಡುವವನಿಗೆ ಸೂಜಿಯ ಗಾಯ, ದಾರದ ಹೊಲಿಗೆ ದೊಡ್ಡದೇ? ಪೋಸ್ಟ್‌ಮಾರ್ಟಮ್ ಆದ ದೇಹಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದೇ ಸೂಕ್ತದಲ್ಲಿ ಕಣ್ಣು ಸೂರ್ಯನನ್ನು ಸೇರಲಿ, ಉಸಿರು ಗಾಳಿಯನ್ನು ಸೇರಲಿ ಎಂಬ ಭಾವದ ಮಂತ್ರವೂ ಇದೆ. ಅವುಗಳಿಗೆ ಫಾರ್ಮಲಿನ್ ಅಂಟುವುದಿಲ್ಲ.

ಅಂದಿನಿಂದ ನಾನು ಯಾವ ಮನೆಯಲ್ಲೂ, ವೈದ್ಯರ ಅಥವಾ ಆರೋಗ್ಯ ಅಧಿಕಾರಿಗಳ ನಿಷೇಧ ಇಲ್ಲದಿದ್ದರೆ, ಮುಖ ನೋಡಬೇಡಿ ಎಂದು ಹೇಳಿಲ್ಲ. ಆದರೆ ಆ ತಾಯಿಗೆ ಅದರಿಂದ ಏನೂ ಸಿಗಲಿಲ್ಲ. ಇದನ್ನು ಯಾಕೆ ಬರೆದೆನೆಂದರೆ, ನಿಮ್ಮ ನೆಂಟರೂ ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ತಿಳಿಯದ್ದನ್ನು ಕಂಡಾಗ ಹೆದರಿಕೆಯಾಗುತ್ತದೆ, ಹೆದರಿಕೆಗೆ ಶಾಸ್ತ್ರದ ಬಟ್ಟೆ ತೊಡಿಸುತ್ತೇವೆ. ನಾನೂ ಅದನ್ನೇ ಮಾಡಿದ್ದೆ.

ಇನ್ನು ನಿಮ್ಮ ಒಂದೊಂದು ಸಂದೇಹಕ್ಕೂ ಚಿಕ್ಕದಾಗಿ ಉತ್ತರ ಹೇಳುತ್ತೇನೆ.

ಬಾಯಿಗೆ ಅಕ್ಕಿ, ತುಳಸಿ ನೀರು: ಒಳಗೆ ಇಳಿಯಬೇಕೆಂಬ ಕಡ್ಡಾಯವಿಲ್ಲ. ತುಟಿಯ ಮೇಲೆ ನಾಲ್ಕು ಕಾಳು ಇಟ್ಟು, ತುಳಸಿ ದಳದಿಂದ ಒಂದು ತೊಟ್ಟು ಗಂಗಾಜಲ ಮುಟ್ಟಿಸಿದರೆ ಅದೇ ಬಾಯಿಗಿಟ್ಟ ಹಾಗೆ. ನೀವು ಪ್ರಯತ್ನ ಮಾಡಿದ್ದೀರಿ, ನೀರು ತುಟಿಗೆ ತಾಗಿದೆ. ಅಷ್ಟು ಸಾಕು. ಹೊಲಿಗೆ ಬಿಚ್ಚಲು ಹೋಗಬಾರದು. ನೀವು ಹಾಗೆ ಮಾಡದಿದ್ದದ್ದೇ ಒಳ್ಳೆಯದಾಯಿತು.

ಸ್ನಾನ: ನೀರು ಹಾಕಲಾಗದ ಕಡೆ ಪ್ರೋಕ್ಷಣೆಯೇ ಸ್ನಾನ. ಜ್ವರದಲ್ಲಿ ಮಲಗಿದವರಿಗೆ ಮಂತ್ರಸ್ನಾನ ಹೇಳಿಲ್ಲವೇ, ಇದೂ ಹಾಗೆ. ಅರಿಶಿನದ ನೀರನ್ನು ಮಾವಿನೆಲೆಯಿಂದ ಚಿಮುಕಿಸಿ, ಹಣೆಗೆ ಕುಂಕುಮವಿಟ್ಟು, ಸೀರೆಯನ್ನು ಮೇಲೆ ಹೊದಿಸಿದರೆ ಮುತ್ತೈದೆಗೆ ಸಲ್ಲಬೇಕಾದ್ದು ಸಂದಿತು. ಕುಂಕುಮ, ಸೀರೆ ಆಗಿದೆ ಎಂದು ಭಾವಿಸಿದ್ದೇನೆ. ಆಗಿಲ್ಲದಿದ್ದರೂ ಕೊರಗಬೇಡಿ. ವರ್ಷಾಬ್ದಿಕದ ಸಮಯಕ್ಕೆ ಒಬ್ಬ ಸುಮಂಗಲಿಯನ್ನು ಕರೆದು ಸೀರೆ, ಅರಿಶಿನ ಕುಂಕುಮ ಕೊಟ್ಟು ಊಟ ಹಾಕಿ.

ತಡವಾದ ದೋಷ: ಒಂದು ರಾತ್ರಿ ಕಳೆದ ಶವಕ್ಕೆ ಧರ್ಮಶಾಸ್ತ್ರದಲ್ಲಿ ‘ಪರ್ಯುಷಿತ’ ಎನ್ನುತ್ತಾರೆ. ಅದಕ್ಕೆ ಪಂಚಗವ್ಯದ ಪ್ರೋಕ್ಷಣೆಯನ್ನೂ ಕೃಚ್ಛ್ರ ಪ್ರಾಯಶ್ಚಿತ್ತವನ್ನೂ ಹೇಳಿದೆ. ಕೃಚ್ಛ್ರಕ್ಕೆ ಬದಲಾಗಿ ಯಥಾಶಕ್ತಿ ದಕ್ಷಿಣೆ ಕೊಡುವುದು ರೂಢಿ. ದಹನದ ದಿನ ಸಂಕಲ್ಪದಲ್ಲಿ ನಿಮ್ಮ ಪುರೋಹಿತರು ಇದನ್ನು ಮಾಡಿಸಿಯೇ ಇರುತ್ತಾರೆ. ಇಲ್ಲಿ ಗಮನಿಸಬೇಕಾದ್ದು, ಸರಿಪಡಿಸಲಾಗದ ದೋಷವಾಗಿದ್ದರೆ ಶಾಸ್ತ್ರ ಪ್ರಾಯಶ್ಚಿತ್ತ ಹೇಳುತ್ತಿರಲಿಲ್ಲ.

ನಾರಾಯಣ ಬಲಿ: ಬೇಡ. ಅದನ್ನು ಹೇಳಿರುವುದು ದುರ್ಮರಣಕ್ಕೆ. ಹೃದಯ ನಿಂತು ಹೋದದ್ದು ದುರ್ಮರಣವಲ್ಲ, ಮದ್ದು ಹಾಕಿದ್ದರಿಂದ ಅದು ದುರ್ಮರಣವೂ ಆಗುವುದಿಲ್ಲ. ಸಾವು ಬಂದ ಮೇಲೆ ಮಾಡಿದ ಕೆಲಸ ಅದು. ಆ ದುಡ್ಡು ನಿಮಗೆ ಹೆಚ್ಚಾಗಿದ್ದರೆ ಒಬ್ಬ ಬಡ ಬಾಣಂತಿಯ ಖರ್ಚಿಗೆ ಕೊಡಿ. ಆಕೆ ಹೋದದ್ದು ಬಾಣಂತನ ಮಾಡಲಿಕ್ಕೆ ತಾನೇ?

ತಿಥಿ ಯಾವುದು: ನೀವು ಕೇಳಿಲ್ಲ, ಆದರೆ ಮುಂದೆ ಈ ಗೊಂದಲ ಬರುತ್ತದೆ. ಅಮೆರಿಕದ ಪೂರ್ವ ತೀರದಲ್ಲಿ ಗುರುವಾರ ರಾತ್ರಿ 9 ಗಂಟೆ ಎಂದರೆ ನಮ್ಮಲ್ಲಿ ಶುಕ್ರವಾರ ಬೆಳಗ್ಗೆ 6.30, ಅವರ ಚಳಿಗಾಲದಲ್ಲಾದರೆ 7.30. ವಾರ ಬದಲಾಯಿತು, ತಾರೀಖು ಬದಲಾಯಿತು. ತಿಥಿ ಮಾತ್ರ ಬದಲಾಗುವುದಿಲ್ಲ. ತಿಥಿ ಎಂದರೆ ಸೂರ್ಯನಿಗೂ ಚಂದ್ರನಿಗೂ ಇರುವ ಅಂತರ. ಆ ಕ್ಷಣಕ್ಕೆ ಅದು ಲೋಕಕ್ಕೆಲ್ಲ ಒಂದೇ. ಆದ್ದರಿಂದ ಅಲ್ಲಿಯ ಮರಣ ಪತ್ರದಲ್ಲಿರುವ ಗಂಟೆಯನ್ನು ನಮ್ಮ ಗಂಟೆಗೆ ತಿರುಗಿಸಿಕೊಂಡು, ಇಲ್ಲಿಯ ಪಂಚಾಂಗದಲ್ಲಿ ಆ ಹೊತ್ತಿಗೆ ಯಾವ ಮಾಸ, ಪಕ್ಷ, ತಿಥಿ ಇತ್ತು ನೋಡಿ. ಮಾಸಿಕ, ಆಬ್ದಿಕ ಎಲ್ಲ ಅದೇ ತಿಥಿಗೆ. ದಹನವಾದ ದಿನದ ತಿಥಿಗಲ್ಲ. ಪ್ರತಿ ವರ್ಷ ಶ್ರಾದ್ಧ ಮಾಡುವ ಊರಿನಲ್ಲಿ ಆ ತಿಥಿ ಅಪರಾಹ್ನಕ್ಕೆ ಇರುವ ದಿನವನ್ನು ಹಿಡಿಯಬೇಕು.

ಅಶೌಚ: ಶ್ರೌತಾಗ್ನಿ ಇಟ್ಟುಕೊಂಡ ಆಹಿತಾಗ್ನಿಗಳಿಗೆ ಮಾತ್ರ ಅಶೌಚ ದಹನದಿಂದ ಎಣಿಕೆ. ನಮ್ಮಂಥ ಗೃಹಸ್ಥರ ಮನೆಗಳಲ್ಲಿ ಜ್ಞಾತಿಗಳಿಗೆ ಮರಣದಿಂದಲೇ. ಕರ್ತೃವಿನ ಹತ್ತು ದಿನದ ಕ್ರಿಯೆ ಮಾತ್ರ ದಹನವಾದ ಮೇಲೆ ಶುರುವಾಗುತ್ತದೆ. ನಿಮ್ಮ ಮಗ ಹಾಗೆಯೇ ಮಾಡಿದ್ದಾರೆ, ಸರಿಯಾಗಿದೆ. ಮದುವೆಯಾದ ಮಗಳಿಗೆ ತಾಯಿಯ ಅಶೌಚ ಮೂರು ದಿನ. ಹಾಲೂಡಿಸುವ ತಾಯಿಗೆ ಉಪವಾಸ, ತಣ್ಣೀರು ಅಂತ ಯಾರೂ ಹೇಳಬಾರದು.

ಮಗಳು ಬರಲಾಗದಿದ್ದದ್ದು: ಮತ್ತೆ ರಾಮಾಯಣಕ್ಕೇ ಹೋಗೋಣ. ಭರತ ಬಂದು ಸಂಸ್ಕಾರ ಮಾಡಿದ ಸರಿ, ಹಿರಿಯ ಮಗ ರಾಮ ಬರಲಿಲ್ಲವಲ್ಲ? ರಾಮನಿಗೆ ಸುದ್ದಿ ಮುಟ್ಟಿದ್ದೇ ಚಿತ್ರಕೂಟದಲ್ಲಿ, ಎಲ್ಲ ಮುಗಿದ ಮೇಲೆ. ಮಂದಾಕಿನಿಗೆ ಇಳಿದು ತರ್ಪಣ ಬಿಟ್ಟು, ಕಾಡಿನಲ್ಲಿ ಸಿಕ್ಕ ಇಂಗುದಿ ಹಣ್ಣಿನ ಹಿಟ್ಟಿನಿಂದ ಪಿಂಡವಿಟ್ಟ. ಚಕ್ರವರ್ತಿಗೆ ಕಾಡುಹಣ್ಣಿನ ಪಿಂಡ. ಎದುರಿಗೆ ಇದ್ದು ಮಾಡಿದ ಭರತನದ್ದೂ ಸಂದಿತು, ದೂರದಲ್ಲಿದ್ದು ಮಾಡಿದ ರಾಮನದ್ದೂ ಸಂದಿತು. ನಿಮ್ಮ ಮಗಳು ಆ ತಿಥಿಯ ದಿನ ಅಲ್ಲಿಯೇ ದೀಪ ಹಚ್ಚಿ, ಅಮ್ಮನಿಗೆ ಇಷ್ಟವಾದ ಒಂದು ಅಡಿಗೆ ಮಾಡಿ ಯಾರಿಗಾದರೂ ಬಡಿಸಲಿ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಮಾಡಲಿ.

ಇನ್ನು ಇತರ ಓದುಗರ ಗಮನಕ್ಕೆ ಕೆಲವು ವ್ಯವಹಾರದ ಮಾತು.

ಹೊರದೇಶದಿಂದ ದೇಹ ತರಬೇಕಾದಾಗ ಮರಣ ಪತ್ರ, ಎಂಬಾಮಿಂಗ್ ಪತ್ರ, ಪೆಟ್ಟಿಗೆ ಮುದ್ರೆ ಮಾಡಿದ ಪತ್ರ, ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದುಪಡಿಸಿದ ಪಾಸ್‌ಪೋರ್ಟ್ ಇವೆಲ್ಲ ಬೇಕಾಗುತ್ತವೆ. ಇಲ್ಲಿ ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಗಳ ಒಪ್ಪಿಗೆಯಾಗಬೇಕು. ದೇಹವನ್ನು ಸಿದ್ಧಪಡಿಸುವ ಅಲ್ಲಿನ ಸಂಸ್ಥೆಯವರಿಗೆ ಮೊದಲೇ ನಾಲ್ಕು ಮಾತು ಹೇಳಿಡಿ. ಸಾಧ್ಯವಿದ್ದರೆ ಬಾಯಿಗೆ ಹೊಲಿಗೆ ಬೇಡ, ಮುಖಕ್ಕೆ ಬಣ್ಣ ಬೇಡ, ಜನಿವಾರವನ್ನೋ ಮಾಂಗಲ್ಯವನ್ನೋ ಕೇಳದೆ ತೆಗೆಯಬೇಡಿ, ಮದ್ದು ಹಾಕುವ ಮೊದಲು ಮನೆಯವರು ಸ್ನಾನ ಮಾಡಿಸಿ ತುಳಸಿ ನೀರು ಬಿಡಲು ಅವಕಾಶ ಕೊಡಿ ಅಂತ. ವಿನಯದಿಂದ ಕೇಳಿದರೆ ಎಷ್ಟೋ ಕಡೆ ನಡೆಸಿಕೊಡುತ್ತಾರೆ. ಆಗ ಇಲ್ಲಿಗೆ ಬಂದ ಮೇಲೆ ಈ ಕೊರಗು ಇರುವುದಿಲ್ಲ.

ದೇಹ ಮನೆಗೆ ಬಂದಾಗ ಪೆಟ್ಟಿಗೆಯನ್ನು ಮುಚ್ಚಿದ ಕೋಣೆಯಲ್ಲಿ ತೆಗೆಯಬೇಡಿ. ಅಂಗಳದಲ್ಲೋ ಕಿಟಕಿ ತೆರೆದ ಹಾಲ್‌ನಲ್ಲೋ ತೆಗೆಯಿರಿ. ಆ ಮದ್ದಿನ ಘಾಟು ಕಣ್ಣು, ಮೂಗಿಗೆ ಉರಿ ತರುತ್ತದೆ. ಗರ್ಭಿಣಿಯರು, ಚಿಕ್ಕ ಮಕ್ಕಳು ಸ್ವಲ್ಪ ದೂರ ಇರಲಿ. ಮುಟ್ಟಿದವರು ಕೈಯನ್ನು ಸೋಪಿನಿಂದ ತೊಳೆಯಲಿ. ಇದು ಮಡಿಯ ಮಾತಲ್ಲ, ಆರೋಗ್ಯದ ಮಾತು. ಚಿತಾಗಾರಕ್ಕೆ ತಗಡಿನ ಪೆಟ್ಟಿಗೆ ಸಮೇತ ಒಯ್ದು ಅಲ್ಲಿ ಪರದಾಡಬೇಡಿ. ಲೋಹ ಒಳಗೆ ಹೋಗುವ ಹಾಗಿಲ್ಲ, ದೇಹವನ್ನು ಚಟ್ಟಕ್ಕೆ ಬದಲಾಯಿಸಿಕೊಳ್ಳಬೇಕು. ಅದಕ್ಕೆ ಜನ, ಜಾಗ ಮೊದಲೇ ನೋಡಿಕೊಳ್ಳಿ.

ನಿಮ್ಮಲ್ಲಿ ಕೂರಿಸಿ ಸಮಾಧಿ ಮಾಡುವ ಸಂಪ್ರದಾಯವಿದ್ದರೆ ಒಂದು ವಿಷಯ ತಿಳಿದಿರಲಿ. ಈ ಮದ್ದು ಹಾಕಿದ ದೇಹ ಬಿಗಿಯಾಗಿಬಿಡುತ್ತದೆ, ಆಮೇಲೆ ಬಗ್ಗಿಸಲು ಆಗುವುದಿಲ್ಲ. ಬಲವಂತ ಮಾಡಬೇಡಿ. ಮಠದ ಹಿರಿಯರನ್ನು ಕೇಳಿ, ಮಲಗಿಸಿದ ಸ್ಥಿತಿಯಲ್ಲೇ ವಿಭೂತಿಯಿಟ್ಟು ಒಪ್ಪಿಸಲು ಅವರೇ ದಾರಿ ತೋರಿಸುತ್ತಾರೆ.

ದೇಹ ತರಲೇಬೇಕು ಎನ್ನುವ ಹಟವೂ ಬೇಡ. ಕರ್ತೃ ಅಲ್ಲಿಯೇ ಇದ್ದರೆ, ಅಥವಾ ಹೋಗಲು ಸಾಧ್ಯವಿದ್ದರೆ, ಅಲ್ಲಿಯೇ ದಹನ ಮಾಡಿ ಅಸ್ಥಿಯನ್ನು ತಂದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೋ ಗಂಗೆಯಲ್ಲೋ ಬಿಟ್ಟರೆ ಅದೂ ಪೂರ್ಣ ಸಂಸ್ಕಾರವೇ. ಅಗ್ನಿಗೆ ವೀಸಾ ಬೇಕಿಲ್ಲ. ಸಾಲ ಮಾಡಿ ದೇಹ ತರಿಸಿ ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಈಗ ನಮ್ಮ ಊರಿನಲ್ಲೇ ಫ್ರೀಜರ್ ಬಾಕ್ಸ್ ಬಾಡಿಗೆಗೆ ಸಿಗುತ್ತದೆ, ಆಸ್ಪತ್ರೆಯಲ್ಲಿ ಮದ್ದು ಹಾಕಿಸಿಯೂ ಇಡಬಹುದು. ಅನುಕೂಲ ಇದೆ ಅಂತ ದಿನ ಮುಂದೂಡುವವರು ಹೆಚ್ಚುತ್ತಿದ್ದಾರೆ. ಮಗ ಸಿಡ್ನಿಯಿಂದ ಬರಬೇಕು, ಎರಡು ದಿನ ಬೇಕು ಎಂದರೆ ಕಾಯಿರಿ, ಅದು ಭರತನಿಗಾಗಿ ಕಾದ ಹಾಗೆ. ಆದರೆ ಮಗ ಬಂದ ಮೇಲೂ ಭಾನುವಾರವಾದರೆ ಎಲ್ಲರಿಗೂ ರಜೆ, ಇನ್ನೊಬ್ಬ ಭಾವಮೈದುನ ಬರಲಿ, ಇವತ್ತು ಮಂಗಳವಾರ ಬೇಡ ಎಂದು ಇಟ್ಟುಕೊಳ್ಳುವುದು ಸರಿಯಲ್ಲ. ಭರತ ಬಂದ ಮೇಲೆ ವಸಿಷ್ಠರು ತಡಮಾಡಲು ಬಿಡಲಿಲ್ಲ. ಕರ್ತೃವಿಗಾಗಿ ಕಾಯುವುದು ಧರ್ಮ, ಕ್ಯಾಲೆಂಡರಿಗಾಗಿ ಕಾಯುವುದು ಧರ್ಮವಲ್ಲ. ಮಗನಿಗೆ ವೀಸಾ, ಟಿಕೆಟ್ ಸಿಗುವುದೇ ಇಲ್ಲವೆಂದರೆ ಇಲ್ಲಿರುವ ತಮ್ಮನೋ ಮೊಮ್ಮಗನೋ ಸಂಸ್ಕಾರ ಮಾಡಲಿ, ಮಗ ಇದ್ದಲ್ಲಿಯೇ ಸ್ನಾನ, ತರ್ಪಣ ಮಾಡಲಿ.

ದೇಹದಾನದ ಬಗ್ಗೆಯೂ ಎರಡು ಕಾಗದ ಬಂದಿದ್ದವು, ಇಲ್ಲಿಯೇ ಉತ್ತರಿಸುತ್ತೇನೆ. ವೈದ್ಯಕೀಯ ಕಾಲೇಜಿಗೆ ಕೊಟ್ಟ ದೇಹಕ್ಕೂ ಮದ್ದು ಹಾಕಿ ಮಕ್ಕಳ ಪಾಠಕ್ಕೆ ಇಟ್ಟುಕೊಳ್ಳುತ್ತಾರೆ. ದಧೀಚಿ ಮಹರ್ಷಿಗಳು ಬದುಕಿದ್ದಾಗಲೇ ಎಲುಬು ಕೊಟ್ಟವರು, ದಾನದಲ್ಲಿ ದೋಷವಿಲ್ಲ. ದೇಹ ಸಿಗದಾಗ 360 ಪಲಾಶದ ಎಲೆ ಅಥವಾ ಕಡ್ಡಿಗಳಿಂದ ಆಕೃತಿ ಮಾಡಿ ಸಂಸ್ಕಾರ ಮಾಡುವ ವಿಧಾನ ಬಹಳ ಹಿಂದಿನಿಂದಲೂ ಇದೆ. ಪಲಾಶ ಸಿಗದಿದ್ದರೆ ದರ್ಭೆಯಿಂದಲೂ ಮಾಡಿಸುತ್ತಾರೆ. ಎಲೆಯ ಆಕೃತಿಯನ್ನೇ ದೇಹವೆಂದು ಸ್ವೀಕರಿಸುವ ಅಗ್ನಿ, ಮದ್ದು ಹಾಕಿದ ನಿಜವಾದ ದೇಹವನ್ನು ಬೇಡ ಎನ್ನುತ್ತಾನೆಯೇ? ಇದನ್ನೂ ನಿಮ್ಮ ನೆಂಟರಿಗೆ ಹೇಳಿ.

ಹಿರಿಯರೇ, ಕೊನೆಯದಾಗಿ. ಆ ಒಂಬತ್ತು ದಿನ ನೀವು ಮಂಡಿ ನೋವಿನಲ್ಲಿ ಬಾಗಿಲು ನೋಡುತ್ತಾ ಕೂತಿದ್ದಿರಿ. ಆ ಕಡೆ ನಿಮ್ಮ ಮಗಳು ಹಸಿ ಬಾಣಂತಿ, ಗೊತ್ತಿಲ್ಲದ ಊರಿನಲ್ಲಿ ಒಂದೊಂದೇ ಕಚೇರಿಗೆ ಫೋನ್ ಮಾಡಿ, ಒಂದೊಂದೇ ಕಾಗದಕ್ಕೆ ಸಹಿ ಹಾಕಿ, ಅಮ್ಮನನ್ನು ಅಪ್ಪನ ಮನೆಗೆ ಕಳಿಸಿಕೊಟ್ಟಳು. ಈ ಸಂಚಿಕೆ ಕೈಗೆ ಬಂದ ದಿನವೇ ಅವಳಿಗೆ ಫೋನ್ ಮಾಡಿ. ಸುತ್ತಿ ಬಳಸಿ ಹೇಳಬೇಡಿ. ‘ಅಮ್ಮ ಮನೆಗೆ ಬಂದಳು ಮಗಾ, ನಾನು ಮುಖ ನೋಡಿದೆ, ನಿನ್ನಿಂದಲೇ ನೋಡಿದೆ’ ಎನ್ನಿ.

ಶುಭವಾಗಲಿ.